ಸಂತ ಬೆನೆಡಿಕ್ಟರ ವೇಳಾಪಟ್ಟಿ

ಕಾಲವು ದೇವರು ಮನುಷ್ಯನ ವಶಕ್ಕೆ ಒಪ್ಪಿಸಿದ ಸ್ವತ್ತು ಎಂಬ ಕ್ರೈಸ್ತ ನಂಬಿಕೆಯನ್ನು ದಿನಚರಿಯಾಗಿ ರೂಪಿಸಿದವರಲ್ಲಿ 6ನೇ ಶತಮಾನದ ಇಟಲಿಯ ಸಂತ ಬೆನೆಡಿಕ್ಟರು ಪ್ರಮುಖರು. ಅವರು ರಚಿಸಿದ 73 ಅಧ್ಯಾಯಗಳ ಮಠ ನಿಯಮಾವಳಿಯು ಹಗಲಿನಲ್ಲಿ ಏಳು ಬಾರಿ, ರಾತ್ರಿ ಒಮ್ಮೆ ಸಾಮೂಹಿಕ ಪ್ರಾರ್ಥನೆಯನ್ನು ಗೊತ್ತುಪಡಿಸಿ, ಉಳಿದ ವೇಳೆಯನ್ನು ಕೈದುಡಿಮೆಗೂ ‘ಲೆಕ್ಸಿಯೊ ದಿವಿನಾ’ ಎಂಬ, ಧರ್ಮಗ್ರಂಥವನ್ನು ನಿಧಾನವಾಗಿ ಮೆಲುಕುಹಾಕುತ್ತ ಓದುವ ಪದ್ಧತಿಗೂ ಹಂಚುತ್ತದೆ. ಆಗಿನ ರೋಮನ್ ಲೆಕ್ಕದಲ್ಲಿ ಹಗಲನ್ನು 12 ಪಾಲು ಮಾಡುತ್ತಿದ್ದುದರಿಂದ ಬೇಸಿಗೆಯ ತಾಸು ಹಿಗ್ಗಿ ಚಳಿಗಾಲದ ತಾಸು ಕುಗ್ಗುತ್ತಿತ್ತು. ದುಡಿಮೆಯ ಹೊತ್ತೂ ಋತುವಿಗೆ ತಕ್ಕಂತೆ ಬದಲಾಗುತ್ತಿತ್ತು. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಹೊರಡಬೇಕಿತ್ತು. ತಡವಾಗಿ ಬಂದವನು ಎಲ್ಲರ ಕಣ್ಣಿಗೆ ಬೀಳುವಂತೆ ಕೊನೆಯಲ್ಲಿ ನಿಲ್ಲಬೇಕಿತ್ತು. ಕೆಲಸವೇ ದೇವರಾಗಿಬಿಡದಂತೆ ತಡೆದದ್ದೇ ಈ ಕಟ್ಟಳೆಯ ದೊಡ್ಡ ಜಾಣ್ಮೆ ಎನ್ನಬೇಕು. ಬೆಂಗಳೂರಿನ ಕುಂಬಳಗೋಡಿನಲ್ಲಿರುವ ಆಶೀರ್ವನಂ ಮಠವೂ ಇದೇ ಪರಂಪರೆಗೆ ಸೇರಿದೆ.