ಅಂಕಪಟ್ಟಿಯಲ್ಲಿ ಕಾಣದ ನೋವು

ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ 1960ರ ದಶಕದಲ್ಲಿ ಒಬ್ಬ ಹೈಸ್ಕೂಲು ಹುಡುಗಿ ಇದ್ದಳು. ತನ್ನ ಓರಗೆಯವರಿಗೆಂದು ಬರೆದ ಕಥೆಪುಸ್ತಕಗಳನ್ನು ಓದಿ ಅವಳಿಗೆ ಬೇಸರ ಬಂದಿತ್ತು. ಶಾಲೆಯಲ್ಲಿ ದಿನವೂ ಕಣ್ಣಿಗೆ ಬೀಳುತ್ತಿದ್ದ ಹುಡುಗರು ಆ ಪುಸ್ತಕಗಳಲ್ಲಿ ಇರಲೇ ಇಲ್ಲ. ಹದಿನೈದನೆಯ ವಯಸ್ಸಿಗೆ ತಾನೇ ಕಾದಂಬರಿ ಬರೆಯಲು ಕುಳಿತಳು. ಬರೆಯುತ್ತಿದ್ದ ದಿನಗಳಲ್ಲೇ ತಂದೆ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಆ ವರ್ಷ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ವಿಷಯಕ್ಕೆ ಅವಳಿಗೆ ಸಿಕ್ಕಿದ್ದು ‘ಡಿ’ ದರ್ಜೆ!

1967ರಲ್ಲಿ ಆ ಕಾದಂಬರಿ ‘ದಿ ಔಟ್‌ಸೈಡರ್ಸ್’ ಪ್ರಕಟವಾದಾಗ ಸೂಸನ್ ಹಿಂಟನ್‌ಗೆ 18 ವರ್ಷ. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಎಸ್.ಇ. ಹಿಂಟನ್ ಎಂದಷ್ಟೇ ಹೆಸರು ಹಾಕಿದರು.

ಗೆಳೆತನದ ಬೆಲೆ

ಕಥೆ ಹೇಳುವವನು 14 ವರ್ಷದ ಪೋನಿಬಾಯ್. ತಂದೆ ತಾಯಿ ಕಾರು ಅಪಘಾತದಲ್ಲಿ ಸತ್ತಿದ್ದಾರೆ. ಇಪ್ಪತ್ತರ ಅಣ್ಣ ಡ್ಯಾರಿ ಕಾಲೇಜಿನ ಆಸೆ ಬಿಟ್ಟು ದುಡಿದು ಮನೆ ನಡೆಸುತ್ತಾನೆ. ಹದಿನಾರರ ಸೋಡಾಪಾಪ್ ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದಾನೆ. ಊರಿನ ಹುಡುಗರಲ್ಲಿ ಎರಡು ಪಂಗಡ. ತಲೆಗೆ ಎಣ್ಣೆ ಮೆತ್ತಿದ ಬಡ ‘ಗ್ರೀಸರ್’ಗಳು ಒಂದು ಕಡೆ, ಕಾರಿನಲ್ಲಿ ಸುತ್ತುವ ಸಿರಿವಂತರು ಇನ್ನೊಂದು ಕಡೆ. ಸಿರಿವಂತರ ಹುಡುಗಿ ಚೆರಿಯೊಡನೆ ಪೋನಿಬಾಯ್‌ಗೆ ಸ್ನೇಹವೇನೋ ಆಗುತ್ತದೆ. ಆದರೆ ಶಾಲೆಯಲ್ಲಿ ಎದುರಾದರೆ ಮಾತನಾಡಿಸಲಿಕ್ಕಿಲ್ಲ ಎಂದು ಆಕೆ ಮೊದಲೇ ಹೇಳಿಬಿಡುತ್ತಾಳೆ.

ಒಂದು ರಾತ್ರಿ ಪೋನಿಬಾಯ್‌ಯನ್ನು ನೀರಿನಲ್ಲಿ ಮುಳುಗಿಸುತ್ತಿದ್ದವರಿಂದ ಬಿಡಿಸಲು ಗೆಳೆಯ ಜಾನಿ ಚಾಕು ಬೀಸುತ್ತಾನೆ. ಒಬ್ಬ ಸಾಯುತ್ತಾನೆ. ಇಬ್ಬರೂ ಓಡಿಹೋಗಿ ಪಾಳುಬಿದ್ದ ಚರ್ಚಿನಲ್ಲಿ ಅಡಗುತ್ತಾರೆ. ಅದಕ್ಕೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡ ಮಕ್ಕಳನ್ನು ಉಳಿಸಲು ನುಗ್ಗಿದ ಜಾನಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುತ್ತಾನೆ. ಆ ದುಃಖ ತಾಳಲಾರದ ಮತ್ತೊಬ್ಬ ಗೆಳೆಯ ಡ್ಯಾಲಿ ಗುಂಡಿಲ್ಲದ ಪಿಸ್ತೂಲನ್ನು ಪೊಲೀಸರತ್ತ ಹಿಡಿದು, ಅವರ ಗುಂಡಿಗೆ ಬಲಿಯಾಗುತ್ತಾನೆ.

ತೆರೆಯದೆ ಮರಳಿದ ಪತ್ರ

ಹಿಂಟನ್ ಕಥೆಯನ್ನು ಇಲ್ಲಿಗೆ ನಿಲ್ಲಿಸಲಿಲ್ಲ. ಸಾವಿನ ನಂತರ ಮನೆಯೊಳಗೆ ಏನಾಗುತ್ತದೆಂಬುದನ್ನೂ ಬರೆದಳು. ಪೋನಿಬಾಯ್ ಜಾನಿ ಸತ್ತಿಲ್ಲವೆಂದೇ ವಾದಿಸುತ್ತಾನೆ. ವಸ್ತುಗಳನ್ನು ಎಲ್ಲೆಂದರಲ್ಲಿ ಮರೆಯುತ್ತಾನೆ. ಜಾಣ ವಿದ್ಯಾರ್ಥಿಯ ಅಂಕಗಳು ಕುಸಿಯುತ್ತವೆ. ಡ್ಯಾರಿ ಗದರುತ್ತಾನೆ, ತಮ್ಮ ಎದುರುತ್ತರ ಕೊಡುತ್ತಾನೆ. ಅಣ್ಣನ ಗದರಿಕೆಯ ಹಿಂದೆ ಇರುವುದು ತಮ್ಮನನ್ನೂ ಕಳೆದುಕೊಂಡೇನೆಂಬ ಭಯ. ಡ್ಯಾರಿ ಅತ್ತದ್ದನ್ನು ಆಸ್ಪತ್ರೆಯಲ್ಲಿ ಕಂಡಾಗಲೇ ಪೋನಿಬಾಯ್‌ಗೆ ಇದು ತಿಳಿದಿತ್ತು. ಆದರೂ ಜಗಳ ನಿಲ್ಲುವುದಿಲ್ಲ.

ಒಂದು ಸಂಜೆ ಆ ಜಗಳದ ನಡುವೆ, ಸದಾ ನಗುವ ಸೋಡಾಪಾಪ್ ಮನೆಬಿಟ್ಟು ಓಡುತ್ತಾನೆ. ಊರು ಬಿಟ್ಟುಹೋದ ಪ್ರೇಯಸಿಗೆ ಅವನು ಬರೆದ ಪತ್ರ ತೆರೆಯದೆ ಮರಳಿ ಬಂದಿದೆ. ಒಂದೇ ಸೂರಿನಡಿ ಇದ್ದ ತಮ್ಮ ಅದರ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಓದಿನ ಮಾತೇ ದೊಡ್ಡದಾದ ಮನೆಯಲ್ಲಿ ಮತ್ತೊಬ್ಬನ ನೋವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೆತ್ತವರು ಓದಬೇಕಾದ ಪುಟಗಳಿವು. ಎಳೆಯರ ದುಃಖ ಅಳುವಾಗಿಯೇ ಬರಬೇಕೆಂದಿಲ್ಲ. ಮರೆವಾಗಿ, ಸಿಡುಕಾಗಿ, ಕಡಿಮೆ ಅಂಕವಾಗಿಯೂ ಬರುತ್ತದೆ. ಕೆಲವರಲ್ಲಿ ಸೋಡಾಪಾಪ್‌ನಂತೆ ನಗುವಿನ ಹಿಂದೆ ಅಡಗಿರುತ್ತದೆ.

ಐದು ಪುಟದ ಪ್ರಬಂಧ

ಚಾಕು, ಸಿಗರೇಟು, ಸಾವುಗಳಿರುವ ಪುಸ್ತಕ ಮಕ್ಕಳಿಗೆ ಬೇಡವೆಂದು ಅಮೆರಿಕದ ಹಲವು ಪೋಷಕರು ಆಕ್ಷೇಪಿಸಿದ್ದುಂಟು. ಆದರೆ ಓದುಗರಾದ ಮಕ್ಕಳು ಅದನ್ನು ಕೈಬಿಡಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಗ್ರಂಥಪಾಲಕಿ ವಿದ್ಯಾರ್ಥಿಗಳ ಸಹಿಯೊಡನೆ ಕಳಿಸಿದ ಪತ್ರವೇ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ 1983ರ ಚಿತ್ರಕ್ಕೆ ಕಾರಣವಾಯಿತು. ಈ ಕಥೆಯ ಸಂಗೀತ ನಾಟಕಕ್ಕೆ 2024ರಲ್ಲಿ ಟೋನಿ ಪ್ರಶಸ್ತಿ ಬಂತು.

ಕಾದಂಬರಿಯಲ್ಲಿ ಪೋನಿಬಾಯ್‌ಗೆ ದಾರಿ ತೋರುವವರು ಇಂಗ್ಲಿಷ್ ಮೇಷ್ಟ್ರು. ಒಳ್ಳೆಯ ಪ್ರಬಂಧ ಬರೆದರೆ ಪಾಸು ಮಾಡುವುದಾಗಿ ಅವರು ಹೇಳಿರುತ್ತಾರೆ. ಸತ್ತ ಗೆಳೆಯರ ಕಥೆ ಹೇಳಲೇಬೇಕೆನಿಸಿದ ರಾತ್ರಿ ಅವನು ಮೇಷ್ಟ್ರಿಗೆ ಫೋನು ಮಾಡಿ, ಎಷ್ಟು ಪುಟ ಇರಬೇಕೆಂದು ಕೇಳುತ್ತಾನೆ. ಐದಕ್ಕೆ ಕಡಿಮೆಯಾಗಬಾರದು, ಹೆಚ್ಚು ಎಷ್ಟಾದರೂ ಸರಿ ಎನ್ನುತ್ತಾರೆ ಅವರು. ಅವನು ಬರೆದ ಪ್ರಬಂಧವೇ ಈ ಕಾದಂಬರಿ.