ಜ್ವರ ಇಳಿದ ಮೇಲಿನ 48 ಗಂಟೆ

ಉತ್ತರಹಳ್ಳಿ, ಬನಶಂಕರಿ, ಜೆ.ಪಿ. ನಗರಗಳಂಥ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಮಳೆಗಾಲದೊಡನೆ ಹೆಚ್ಚುವ ಡೆಂಗಿ ಜ್ವರವನ್ನು ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಇದನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಆಸುಪಾಸಿನ ತಿಳಿನೀರಿನಲ್ಲಿ ಮರಿಮಾಡುತ್ತದೆ. ಕಾವೇರಿ ನೀರು ದಿನವೂ ಬಾರದ ಬೀದಿಗಳಲ್ಲಿ ತುಂಬಿಸಿಟ್ಟ ಡ್ರಮ್ಮು, ಮುಚ್ಚಳ ಸರಿಯಾಗಿ ಕೂರದ ಸಂಪು, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು, ಫ್ರಿಜ್ಜಿನ ಹಿಂಬದಿಯ ತಟ್ಟೆ ಇವೆಲ್ಲ ಅದಕ್ಕೆ ಒದಗುವ ತಾಣಗಳು. ಅದರ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವಾದ್ದರಿಂದ ಡ್ರಮ್ಮನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು.

ಇಷ್ಟನ್ನು ಬಡಾವಣೆಯ ಬಹುಪಾಲು ಜನ ಬಲ್ಲರು. ಶುಶ್ರೂಷೆ ಕಲಿಯುವವರು ಇದಕ್ಕಿಂತ ಆಳಕ್ಕೆ ಹೋಗಿ, ರೋಗವು ದೇಹದೊಳಗೆ ಯಾವ ಕ್ರಮದಲ್ಲಿ ಕೆಡುಕು ಮಾಡುತ್ತದೆ ಎಂಬುದನ್ನು, ಅಂದರೆ ಅದರ ರೋಗಶರೀರಕ್ರಿಯೆಯನ್ನು ತಿಳಿಯಬೇಕಾಗುತ್ತದೆ. ಏಕೆಂದರೆ ಉಳಿದ ಅನೇಕ ಜ್ವರಗಳಲ್ಲಿ ಮೈ ತಣ್ಣಗಾಯಿತೆಂದರೆ ಗುಣವಾಯಿತೆಂದು ಅರ್ಥವಾದರೆ, ಡೆಂಗಿಯಲ್ಲಿ ಅಪಾಯದ ಘಟ್ಟ ತೆರೆದುಕೊಳ್ಳುವುದೇ ಆಗ.

ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಏರುತ್ತದೆ. ವೈರಾಣುವು ರಕ್ತದಲ್ಲಿರುವ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಹೊಕ್ಕು, ಅಲ್ಲಿಯೇ ತನ್ನ ಸಂತಾನವನ್ನು ಬೆಳೆಸಿಕೊಂಡು, ಎನ್‌ಎಸ್-1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಮೊದಲ ದಿನಗಳ ರಕ್ತಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಈ ಪ್ರೋಟೀನು ರೋಗದ ಗುರುತು ಮಾತ್ರವಲ್ಲ, ರೋಗದ ಕೈಯೂ ಹೌದು. ರಕ್ತನಾಳಗಳ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಎಂಬ ಸಕ್ಕರೆ ಮತ್ತು ಪ್ರೋಟೀನುಗಳ ತೆಳುವಾದ ಲೇಪನವಿದ್ದು, ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಕ್ಕೆ ಜಿನುಗದಂತೆ ತಡೆಯುವುದರಲ್ಲಿ ಅದರ ಪಾತ್ರ ದೊಡ್ಡದು. ಎನ್‌ಎಸ್-1 ಈ ಲೇಪನವನ್ನು ಸವೆಸುತ್ತದೆ. ಅದರ ಜೊತೆಗೆ ವೈರಾಣುವನ್ನು ಎದುರಿಸಲು ದೇಹವೇ ಹೊರಡಿಸುವ ಸೈಟೋಕೈನ್ ಎಂಬ ಉರಿಯೂತದ ಸಂದೇಶವಾಹಕಗಳು ನಾಳದ ಗೋಡೆಯ ಜೀವಕೋಶಗಳ ನಡುವಿನ ಬಿಗಿಯನ್ನು ಸಡಿಲಿಸುತ್ತವೆ. ವೈರಾಣುವಿನ ಸಂಖ್ಯೆ ಕುಗ್ಗಿ ಜ್ವರ ಇಳಿಯುವ ಹೊತ್ತಿಗೆ ದೇಹದ ಈ ಪ್ರತಿರೋಧವು ತುದಿ ಮುಟ್ಟಿರುವುದರಿಂದ, ಸಾಮಾನ್ಯವಾಗಿ ಜ್ವರದ 3ರಿಂದ 7ನೆಯ ದಿನದ ನಡುವೆ, ಕೆಲವು ರೋಗಿಗಳಲ್ಲಿ ಪ್ಲಾಸ್ಮಾ ಎದೆಗೂಡಿಗೂ ಹೊಟ್ಟೆಗೂ ಸೋರತೊಡಗುತ್ತದೆ. ಈ ಸೋರಿಕೆ 24ರಿಂದ 48 ಗಂಟೆಗಳವರೆಗೆ ನಡೆಯುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದೆ ರೋಗಿಯು ಆಘಾತಸ್ಥಿತಿಗೆ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಗೆ ಜಾರಬಲ್ಲನೆಂಬುದಕ್ಕೆ ಕಾರಣ ಇದೇ.

ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿದ್ದು, ಒಂದು ಬಗೆ ತಗುಲಿದರೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಮುಂದೆ ಬೇರೊಂದು ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳು ಹೊಸ ವೈರಾಣುವಿಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ, ಬಿಳಿ ರಕ್ತಕಣದೊಳಕ್ಕೆ ತಾವೇ ದಾರಿ ಮಾಡಿಕೊಡುತ್ತವೆ. ಅಮೆರಿಕದ ವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ ಅವರು ಬ್ಯಾಂಕಾಕಿನ ಮಕ್ಕಳಲ್ಲಿ ನಡೆಸಿದ ಅಧ್ಯಯನಗಳಿಂದ ಬೆಳೆದ ಈ ವಿಚಾರವು, ಎರಡನೆಯ ಬಾರಿಯ ಡೆಂಗಿ ಏಕೆ ಹೆಚ್ಚು ಉಗ್ರವಾಗಬಲ್ಲದೆಂಬುದನ್ನೂ, ತಾಯಿಯಿಂದ ಬಂದ ಪ್ರತಿಕಾಯಗಳು ಅರೆಬರೆಯಾಗಿ ಉಳಿದ ಹಸುಗೂಸುಗಳಲ್ಲಿ ಮೊದಲ ಡೆಂಗಿಯೇ ಏಕೆ ಕೆರಳುತ್ತದೆಂಬುದನ್ನೂ ವಿವರಿಸುತ್ತದೆ.

ಜನರ ಗಮನವೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ ನೆಟ್ಟಿರುವುದು ಈ ರೋಗದ ಬಗೆಗಿನ ದೊಡ್ಡ ತಪ್ಪು ತಿಳಿವಳಿಕೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಡೆಂಗಿಯಲ್ಲಿ ಕುಸಿಯುವುದು ನಿಜ. ಆದರೆ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಕೊಡುವುದರಿಂದ ರಕ್ತಸ್ರಾವ ತಪ್ಪುವುದಿಲ್ಲವೆಂದು ಸಿಂಗಪುರ ಮತ್ತು ಮಲೇಷ್ಯಾಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಪ್ಲೇಟ್‌ಲೆಟ್ಟಿನಷ್ಟೇ ಕಾಳಜಿಯಿಂದ ನೋಡಬೇಕಾದ ಇನ್ನೊಂದು ಅಂಕಿ ಅದೇ ವರದಿಯಲ್ಲಿರುತ್ತದೆ. ಪ್ರಯೋಗಾಲಯದವರು ಪಿಸಿವಿ ಎಂದು ಬರೆಯುವ ಹೆಮಟೋಕ್ರಿಟ್ ಎಂದರೆ ರಕ್ತದಲ್ಲಿ ಕೆಂಪು ಕಣಗಳು ಆಕ್ರಮಿಸುವ ಪಾಲು. ದ್ರವ ಸೋರಿ ಕಣಗಳು ನಾಳದಲ್ಲಿಯೇ ಉಳಿದರೆ ರಕ್ತ ಗಟ್ಟಿಯಾಗುತ್ತದೆ, ಈ ಅಂಕಿ ಏರುತ್ತದೆ. 40 ಇದ್ದದ್ದು 48 ಆಯಿತೆಂದರೆ ಶೇ 20ರಷ್ಟು ಏರಿದಂತೆ, ಅದು ಸೋರಿಕೆಯ ಸ್ಪಷ್ಟ ಸೂಚನೆ.

ವಾರ್ಡಿನಲ್ಲಿ ರೋಗಿಯ ಬಳಿ ಹೆಚ್ಚು ಹೊತ್ತು ಇರುವವರು ಶುಶ್ರೂಷಕರಾದ್ದರಿಂದ ಮೊದಲ ಸುಳಿವು ಸಿಗುವುದೂ ಅವರಿಗೇ. ರಕ್ತದೊತ್ತಡ 110/70 ಇದ್ದದ್ದು 110/90 ಆದಾಗ ಮೇಲಿನ ಅಂಕಿಯನ್ನಷ್ಟೇ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಆದರೆ ಎರಡು ಅಂಕಿಗಳ ನಡುವಿನ ಅಂತರವು 40ರಿಂದ 20ಕ್ಕೆ ಇಳಿದಿದೆ. ಕುಗ್ಗುತ್ತಿರುವ ರಕ್ತದ ಪ್ರಮಾಣವನ್ನು ಸರಿದೂಗಿಸಲು ದೇಹವು ಸಣ್ಣ ನಾಳಗಳನ್ನು ಬಿಗಿಹಿಡಿದಿರುವುದರಿಂದ ಹೀಗಾಗುತ್ತದೆ, ಕೈಕಾಲು ತಣ್ಣಗಾಗುವುದೂ ಅದರಿಂದಲೇ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಅಥವಾ ಸುಮ್ಮನೆ ಚಡಪಡಿಸುವುದು ಇವುಗಳಲ್ಲಿ ಯಾವುದು ಕಂಡರೂ ವೈದ್ಯರನ್ನು ಕೂಡಲೇ ಕರೆಯಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮತ್ತು ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವವು ಮುಂದಿನ 48ರಿಂದ 72 ಗಂಟೆಗಳಲ್ಲಿ ನಾಳಗಳಿಗೆ ಮರಳುತ್ತದೆ. ರೋಗಿಗೆ ಹಸಿವಾಗುತ್ತದೆ, ಮೂತ್ರ ಹೆಚ್ಚುತ್ತದೆ, ಹೆಮಟೋಕ್ರಿಟ್ ತಾನಾಗಿ ಇಳಿಯುತ್ತದೆ. ಸೋರಿದ ದ್ರವವನ್ನು ತುಂಬಿಕೊಡಲು ಹಾಕಿ, ಹಿಂದಿನ ದಿನ ಜೀವ ಉಳಿಸಿದ ಡ್ರಿಪ್ಪನ್ನು ಆಗಲೂ ಹಾಗೆಯೇ ಬಿಟ್ಟರೆ ದ್ರವ ಮಿತಿಮೀರಿ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಚೇತರಿಕೆಯ ಈ ಗುರುತುಗಳನ್ನು ಕಂಡ ಶುಶ್ರೂಷಕರು ಅವನ್ನು ವೈದ್ಯರಿಗೆ ತಿಳಿಸಿ, ಅವರ ಸೂಚನೆಯಂತೆ ಡ್ರಿಪ್ಪನ್ನು ತಗ್ಗಿಸಿ ನಿಲ್ಲಿಸುವುದು ಚಿಕಿತ್ಸೆಯದೇ ಭಾಗವಾಗುತ್ತದೆ.