ತಪ್ಪು ತಿದ್ದಿಕೊಂಡ ಇತಿಹಾಸಕಾರ

ವಿದ್ವಾಂಸರು ತಮ್ಮ ತಪ್ಪನ್ನು ತಾವೇ ಬರೆದು ಒಪ್ಪಿಕೊಳ್ಳುವುದು ಅಪರೂಪ. ಆಸ್ಟ್ರೇಲಿಯದ ಇತಿಹಾಸಕಾರ ಬೆನ್ ಕಿಯರ್ನನ್ ಅಂಥ ಅಪರೂಪದವರು. ಕಾಂಬೋಡಿಯದ ನರಮೇಧದ ಬಗ್ಗೆ ಇಂದು ಜಗತ್ತಿಗೆ ತಿಳಿದಿರುವುದರಲ್ಲಿ ಅವರ ದುಡಿಮೆಯ ಪಾಲು ದೊಡ್ಡದು.

1975ರ ಏಪ್ರಿಲ್ 17ರಂದು ಪೋಲ್ ಪಾಟ್ ನಾಯಕತ್ವದ ಖ್ಮೇರ್ ರೂಜ್ ಪಡೆ ರಾಜಧಾನಿ ನಾಮ್ ಪೆನ್ ಅನ್ನು ವಶಪಡಿಸಿಕೊಂಡಿತು. ನಗರವಾಸಿಗಳನ್ನೆಲ್ಲ ಹೊಲಗದ್ದೆಗಳಿಗೆ ಅಟ್ಟಲಾಯಿತು. ಹಣ, ಮಾರುಕಟ್ಟೆ, ಪೂಜೆ ರದ್ದಾದವು. ಗಡಿ ದಾಟಿ ಬಂದ ನಿರಾಶ್ರಿತರು ಹತ್ಯೆಗಳ ಸುದ್ದಿ ತಂದರು. ಆದರೆ ಅಮೆರಿಕದ ಬಾಂಬ್ ದಾಳಿಯಿಂದ ರೊಚ್ಚಿಗೆದ್ದಿದ್ದ ಪಶ್ಚಿಮದ ಎಡಪಂಥೀಯ ತರುಣರಲ್ಲಿ ಅನೇಕರು ಅದನ್ನು ಅಪಪ್ರಚಾರವೆಂದು ಬಗೆದರು. ಇಪ್ಪತ್ತರ ಹರೆಯದ ಕಿಯರ್ನನ್ ಕೂಡ ಅವರಲ್ಲೊಬ್ಬರು.

1978ರಲ್ಲಿ ಅವರ ನಿಲುವು ಬದಲಾಯಿತು. ಖ್ಮೇರ್ ಭಾಷೆ ಬಲ್ಲ ಅವರು ನೂರಾರು ನಿರಾಶ್ರಿತರನ್ನು ಮಾತನಾಡಿಸಿದರು. ತಾವು ಎಡವಿದ್ದನ್ನು 1979ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅವರ ಲೆಕ್ಕದ ಪ್ರಕಾರ, ನಾಲ್ಕು ವರ್ಷವೂ ತುಂಬದ ಆ ಆಡಳಿತದಲ್ಲಿ ಸತ್ತವರು ಸುಮಾರು 17 ಲಕ್ಷ. ಅಂದರೆ ಐವರಲ್ಲಿ ಒಬ್ಬರು. ಹತ್ಯೆಯ ಜೊತೆಗೆ ಹಸಿವು, ರೋಗ, ದುಡಿಮೆಯ ಬಳಲಿಕೆಗೆ ಬಲಿಯಾದವರೂ ಇದರಲ್ಲಿ ಸೇರಿದ್ದಾರೆ.

ಸತ್ತವರು ಎಷ್ಟು ಎನ್ನುವುದರಷ್ಟೇ ಅವರು ಯಾರು ಎನ್ನುವುದೂ ಮುಖ್ಯವಾಗಿತ್ತು. ವಿಶ್ವಸಂಸ್ಥೆಯ 1948ರ ಒಪ್ಪಂದದಂತೆ, ರಾಷ್ಟ್ರೀಯ, ಬುಡಕಟ್ಟು, ಜನಾಂಗ ಅಥವಾ ಧರ್ಮದ ಗುಂಪೊಂದನ್ನು ನಾಶ ಮಾಡುವ ಉದ್ದೇಶವಿದ್ದರೆ ಮಾತ್ರ ಅದು ನರಮೇಧ. ಖ್ಮೇರರೇ ಖ್ಮೇರರನ್ನು ಕೊಂದದ್ದು ಈ ವ್ಯಾಖ್ಯೆಗೆ ಸುಲಭವಾಗಿ ಒಗ್ಗುವುದಿಲ್ಲ. ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಂ ಮೂಲದವರ ಮೇಲೆ ನಡೆದ ದಾಳಿಯನ್ನು ಕಿಯರ್ನನ್ ಪ್ರತ್ಯೇಕವಾಗಿ ದಾಖಲಿಸಿದ್ದು ಈ ಕಾರಣಕ್ಕೆ ಮಹತ್ವದ್ದು.

ನ್ಯಾಯಕ್ಕೆ ಅಡ್ಡ ಬಂದದ್ದು ಅಂತರರಾಷ್ಟ್ರೀಯ ರಾಜಕಾರಣ. 1979ರ ಜನವರಿಯಲ್ಲಿ ಪೋಲ್ ಪಾಟ್‌ನನ್ನು ಪದಚ್ಯುತಗೊಳಿಸಿದ್ದು ವಿಯೆಟ್ನಾಂ ಸೇನೆ. ವಿಯೆಟ್ನಾಂ ಬೆನ್ನಿಗೆ ಸೋವಿಯತ್ ಒಕ್ಕೂಟವಿತ್ತು. ಹಾಗಾಗಿ ಚೀನ, ಅಮೆರಿಕ ಮತ್ತು ಆಗ್ನೇಯ ಏಷ್ಯದ ಆಸಿಯಾನ್ ದೇಶಗಳು ಅದನ್ನು ಆಕ್ರಮಣವೆಂದು ಖಂಡಿಸಿದವು. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯದ ಸ್ಥಾನ 1980ರ ದಶಕದುದ್ದಕ್ಕೂ ಹೊಸ ಸರ್ಕಾರಕ್ಕೆ ಸಿಗದೆ ಖ್ಮೇರ್ ರೂಜ್ ಪಾಳಯದಲ್ಲೇ ಉಳಿಯಿತು. ಹೊಸ ಸರ್ಕಾರಕ್ಕೆ 1980ರಲ್ಲೇ ಮಾನ್ಯತೆ ನೀಡಿದ ಕೆಲವೇ ದೇಶಗಳಲ್ಲಿ ಭಾರತವೂ ಒಂದು.

ಶೀತಲ ಸಮರ ಮುಗಿದ ಮೇಲೆ, 1994ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಿಯರ್ನನ್ ನೇತೃತ್ವದಲ್ಲಿ ಕಾಂಬೋಡಿಯ ನರಮೇಧ ಅಧ್ಯಯನ ಯೋಜನೆ ಆರಂಭವಾಯಿತು. ಅದಕ್ಕೆ ಹಣ ಕೊಟ್ಟದ್ದು ಅಮೆರಿಕ ಸರ್ಕಾರವೇ. ಅವರ ಹಳೆಯ ಬರಹಗಳನ್ನು ಕೆದಕಿ, ಈ ಕೆಲಸಕ್ಕೆ ಅವರು ತಕ್ಕವರಲ್ಲ ಎಂದು ಟೀಕಿಸಿದವರಿದ್ದರು. ಇನ್ನೊಂದೆಡೆ ಖ್ಮೇರ್ ರೂಜ್ ಕೂಡ 1995ರಲ್ಲಿ ಅವರನ್ನು ಅಪರಾಧಿಯೆಂದು ಘೋಷಿಸಿತು! ಯೋಜನೆಯ ಶಾಖೆಯಾಗಿ ನಾಮ್ ಪೆನ್‌ನಲ್ಲಿ ತೆರೆದ ದಾಖಲೆ ಕೇಂದ್ರ ಮುಂದೆ ಸ್ವತಂತ್ರ ಸಂಸ್ಥೆಯಾಯಿತು. ಅಲ್ಲಿನ ಕಡತಗಳು ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯಕ್ಕೆ ಸಾಕ್ಷ್ಯವಾದವು.

ಪೋಲ್ ಪಾಟ್ ಆ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ, 1998ರಲ್ಲೇ ಸತ್ತ. ಆದರೆ 2018ರಲ್ಲಿ ಅವನ ಸಹಚರರಾದ ನುವೊನ್ ಚಿಯಾ ಮತ್ತು ಖಿಯು ಸಾಂಫಾನ್ ನರಮೇಧದ ಅಪರಾಧಿಗಳೆಂದು ತೀರ್ಪು ಬಂತು. ಅಷ್ಟರಲ್ಲಿ ನಾಲ್ಕು ದಶಕ ಉರುಳಿತ್ತು. ಒಮ್ಮೆ ಯಾರೂ ನಂಬದಿದ್ದ ನಿರಾಶ್ರಿತರ ಮಾತು ಕೊನೆಗೂ ನ್ಯಾಯಾಲಯದ ಕಡತ ಸೇರಿತು.